ಬೆಳಗಿನ ಇಂಜೆಕ್ಷನ್ನಿಗೂ ನಮ್ಮ ಯಜಮಾನರ ಥೈರಾಯ್ಡಿಗೂ ಏನು ಸಂಬಂಧ, ಅಧೀಕ್ಷಕರೇ?

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನಮ್ಮ ಯಜಮಾನರು ವಿಪರೀತ ಚುರುಕಿನ ಮನುಷ್ಯ ಎಂದು ತಮ್ಮ ಆಸ್ಪತ್ರೆಯ ಪ್ರಯೋಗಾಲಯ ಎರಡು ಸಲ ಲಿಖಿತವಾಗಿ ತಿಳಿಸಿದೆ. ಮೊದಲ ಸಲ ತಿಳಿಸಿದಾಗ ನಕ್ಕೆ. ಎರಡನೆಯ ಸಲ ತಿಳಿಸಿದಾಗ ನಂಬಿದೆ. ಆ ವರದಿಗಳ ದೆಸೆಯಿಂದ, ಕಾಲು ಮುರಿದುಕೊಂಡ ಮನುಷ್ಯರೊಬ್ಬರು ಆಗಬೇಕಿದ್ದ ಶಸ್ತ್ರಚಿಕಿತ್ಸೆ ಆಗದೆ ತಮ್ಮ ಎರಡನೆಯ ಮಹಡಿಯ ಮಂಚದ ಮೇಲೆ ದಿನಗಟ್ಟಲೆ ಅಂಗಾತ ಮಲಗಿ ಚಾವಣಿ ನೋಡಿದರು. ಕೊನೆಗೆ ತಿಳಿದುಬಂದದ್ದೇನೆಂದರೆ, ಅವರ ಥೈರಾಯ್ಡ್ ಗ್ರಂಥಿಗೆ ಏನೂ ಆಗಿರಲಿಲ್ಲ. ವರದಿಯಲ್ಲಿ ಏರಿ ಕೂತಿದ್ದ ಆ ಅಂಕಿ, ರಕ್ತ ಹೆಪ್ಪುಗಟ್ಟದಿರಲೆಂದು ತಾವೇ ದಿನಾ ಬೆಳಗ್ಗೆ ಅವರ ಹೊಟ್ಟೆಗೆ ಚುಚ್ಚಿಸುತ್ತಿದ್ದ ಇಂಜೆಕ್ಷನ್ನಿನ ಕರಾಮತ್ತು. ಚುಚ್ಚಿದವರು ತಮ್ಮವರು, ಚುಚ್ಚಿದ ಮೇಲೆ ರಕ್ತ ತೆಗೆದವರು ತಮ್ಮವರು, ತೆಗೆದ ರಕ್ತವನ್ನು ಅಳೆದು ಗಾಬರಿಯಾದವರೂ ತಮ್ಮವರೇ. ಇಷ್ಟೆಲ್ಲ ಒಂದೇ ಸೂರಿನಡಿ ನಡೆಯುವಾಗ ಒಬ್ಬರಾದರೂ ಇನ್ನೊಬ್ಬರನ್ನು ಒಂದು ಮಾತು ಕೇಳಬಾರದಿತ್ತೇ ಎಂಬುದೇ ನನ್ನ ತಕರಾರು.

ಯಜಮಾನರನ್ನು ಪರಿಚಯ ಮಾಡಿಕೊಡದಿದ್ದರೆ ಈ ತಕರಾರಿನ ಸ್ವಾರಸ್ಯ ತಮಗೆ ಹತ್ತುವುದಿಲ್ಲ. ಅವರು ಮರದ ಸಾಮಾನಿಗೆ ಪಾಲಿಶ್ ಹಾಕುವವರು. ಉಜ್ಜುವುದು, ಧೂಳು ಒರೆಸುವುದು, ಒಂದು ಕೈ ಬಳಿಯುವುದು, ಒಣಗಲು ಬಿಟ್ಟು ಕೈಕಟ್ಟಿ ಕೂರುವುದು, ಮತ್ತೆ ಉಜ್ಜುವುದು. ಅವಸರಪಟ್ಟರೆ ಕೆಡುವ ಕೆಲಸ. ಅವರ ಸ್ವಭಾವಕ್ಕೆ ಆ ಕೆಲಸ ಸಿಕ್ಕಿತೋ, ಆ ಕೆಲಸದಿಂದ ಸ್ವಭಾವ ಹಾಗಾಯಿತೋ, ಇಷ್ಟು ವರ್ಷ ಸಂಸಾರ ಮಾಡಿಯೂ ನನಗೆ ಗೊತ್ತಾಗಿಲ್ಲ. ಶೆಡ್ಡಿನಲ್ಲಿ ಜೊತೆಯವರು ಅವರನ್ನು ಕರೆಯುವುದೇ ನಿಧಾನಪ್ಪ ಎಂದು. ದಪ್ಪ ಆಳು. ತಲೆ ದಿಂಬಿಗೆ ತಾಗುವ ಮೊದಲೇ ನಿದ್ದೆ. ಕುತ್ತಿಗೆ ತಿರುಗಿಸುವ ಮೊದಲು, ತಿರುಗಿಸಬೇಕೋ ಬೇಡವೋ ಎಂದು ಯೋಚಿಸುವವರ ಹಾಗೆ ಕಾಣುತ್ತಾರೆ. ಬಾಗಿಲಲ್ಲಿ ಯಾರೋ ಕರೆದರು ಹೋಗಿ ನೋಡಿ ಎಂದರೆ, ಅವರು ಚಪ್ಪಲಿ ಮೆಟ್ಟಿ ಹೊರಡುವಷ್ಟರಲ್ಲಿ ಬಂದವರು ಬೇಸತ್ತು ವಾಪಸಾಗಿ, ಮನೆ ಮುಟ್ಟಿ, ಫೋನ್ ಮಾಡಿರುತ್ತಾರೆ.

ನಾನು ಅದಕ್ಕೆ ತದ್ವಿರುದ್ಧ. ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳುವುದು ನನ್ನ ಉದ್ಯೋಗ. "ಪ್ರಯಾಣಿಕರು ದಯವಿಟ್ಟು ಗಮನಿಸಿ" ಎನ್ನುವ ದನಿ ನನ್ನದೇ. ನಿಮಿಷದ ಲೆಕ್ಕದಲ್ಲಿ ಬದುಕುವ ಹೆಂಗಸಿಗೆ ಇಂಥ ಗಂಡ ಸಿಕ್ಕಿದ್ದು ಹೇಗೆ ಎಂದು ತಾವು ಕೇಳಬಹುದು. ಅದು ಬೇರೆ ಪತ್ರದ ವಿಷಯ, ಅದನ್ನು ಬೇರೆ ಇಲಾಖೆಗೆ ಬರೆಯುತ್ತೇನೆ.

ಅವರು ಬಿದ್ದದ್ದು ಎತ್ತರದ ಪುಸ್ತಕದ ಬೀರುವಿನ ನೆತ್ತಿಗೆ ಪಾಲಿಶ್ ಹಾಕುವಾಗ. ಬೆಂಚಿನ ಮೇಲೆ ನಿಂತಿದ್ದರು. ಹೊಳಪು ಸಮನಾಗಿ ಬಂದಿದೆಯೇ ನೋಡೋಣವೆಂದು ಒಂದು ಹೆಜ್ಜೆ ಹಿಂದಿಟ್ಟರು. ಬೆಂಚು ಅಷ್ಟು ಅಗಲ ಇರಲಿಲ್ಲ. ಅವರು ಬಿದ್ದದ್ದೂ ನಿಧಾನವಾಗಿಯೇ ಎಂದು ಶೆಡ್ಡಿನವರು ಇವತ್ತಿಗೂ ಪ್ರಮಾಣ ಮಾಡಿ ಹೇಳುತ್ತಾರೆ. ಆದರೆ ಮೂಳೆಗೆ ಅದು ತಿಳಿಯಬೇಕಲ್ಲ. ಮೊಣಕಾಲಿನ ಸ್ವಲ್ಪ ಕೆಳಗೆ, ಕೀಲಿನವರೆಗೂ ಸೀಳು ಹೋಗುವಂತೆ ಮುರಿಯಿತು.

ಇಲ್ಲಿಯವರೆಗೆ ತಮ್ಮ ಆಸ್ಪತ್ರೆಯ ಬಗ್ಗೆ ನನ್ನದೇನೂ ದೂರಿಲ್ಲ. ತಮ್ಮ ಮೂಳೆ ಡಾಕ್ಟರು ಒಳ್ಳೆಯವರು, ಮಾತು ಕಡಿಮೆ, ಕೈ ಗಟ್ಟಿ. ಕಾಲು ಕುಂಬಳಕಾಯಿಯಂತೆ ಊದಿದ್ದನ್ನು ಒತ್ತಿ ನೋಡಿ, "ಈ ಊತ ಇಳೀಬೇಕಮ್ಮ. ಊತ ಇರೋವಾಗ ಕುಯ್ದರೆ ಗಾಯ ಮಾಯಲ್ಲ. ಇಳಿದ ತಕ್ಷಣ ಪ್ಲೇಟ್ ಹಾಕಿ ಕೂಡಿಸೋಣ. ತೀರಾ ತಡ ಮಾಡೋಹಾಗೂ ಇಲ್ಲ, ಆಮೇಲೆ ಮೂಳೆ ತನಗೆ ಇಷ್ಟ ಬಂದ ಹಾಗೆ ಕೂಡ್ಕೊಳುತ್ತೆ" ಎಂದರು. ಅಲ್ಲಿಯ ತನಕ ಕಾಲನ್ನು ದಿಂಬಿನ ಮೇಲೇರಿಸಿ ಅಲುಗಾಡದೆ ಮಲಗಿರಬೇಕು. ಹಾಗೆ ಮಲಗಿದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರವಂತೆ. ಅದಕ್ಕಾಗಿ ದಿನಾ ಬೆಳಗ್ಗೆ ಹೊಕ್ಕುಳ ಅಕ್ಕಪಕ್ಕ ಒಂದು ಸಣ್ಣ ಇಂಜೆಕ್ಷನ್. ವಾರ್ಡಿನಲ್ಲಿ ಎಲ್ಲರೂ ಅದನ್ನು ರಕ್ತ ತೆಳು ಮಾಡುವ ಇಂಜೆಕ್ಷನ್ ಎನ್ನುತ್ತಿದ್ದರು. ನಾವೂ ಹಾಗೇ ಅಂದೆವು. ಅಲುಗಾಡದೆ ಮಲಗಿರಿ ಎಂಬ ಆಜ್ಞೆಯನ್ನು ನಮ್ಮ ಯಜಮಾನರಷ್ಟು ಶ್ರದ್ಧೆಯಿಂದ ಪಾಲಿಸಿದ ರೋಗಿ ತಮ್ಮ ಆಸ್ಪತ್ರೆಯ ಇತಿಹಾಸದಲ್ಲೇ ಇರಲಾರ.

ಊತ ಇಳಿಯುತ್ತ ಬಂದಾಗ ಅರಿವಳಿಕೆ ಕೊಡುವ ಡಾಕ್ಟರಮ್ಮ ನೋಡಲು ಬಂದರು. ಚಿಕ್ಕ ವಯಸ್ಸು, ಬಹಳ ಜಾಗರೂಕೆ. ಜಾಗರೂಕತೆಯನ್ನು ನಾನು ದೂರುವುದಿಲ್ಲ, ಅದು ಇದ್ದದ್ದಕ್ಕೇ ಎಷ್ಟೋ ಜನ ಎದ್ದು ಮನೆಗೆ ಹೋಗುತ್ತಾರೆ. ದಾಖಲಾದ ದಿನ ನೋವಿನಲ್ಲಿ ಇವರ ನಾಡಿ ಜೋರಾಗಿ ಹೊಡೆದುಕೊಂಡಿತ್ತು. ಅದನ್ನು ಕೇಸ್ ಶೀಟಿನಲ್ಲಿ ಕಂಡು ಆಕೆ, "ಮನೇಲಿ ಯಾರಿಗಾದ್ರೂ ಥೈರಾಯ್ಡ್ ತೊಂದರೆ ಇದೆಯಾ?" ಎಂದು ಕೇಳಿದರು.

"ನನಗಿದೆ!" ಎಂದು ಮಂಚದ ಆಚೆ ಬದಿಯಿಂದ ಕೈ ಮೇಲೆದ್ದಿತು.

ಅದು ನಮ್ಮ ಅತ್ತಿಗೆಯವರ ಕೈ. ಯಜಮಾನರ ಅಕ್ಕ. ಬಹಳ ವರ್ಷಗಳಿಂದ ಥೈರಾಯ್ಡ್ ಮಾತ್ರೆ ನುಂಗುವವರು. ಅವರದ್ದು ಗ್ರಂಥಿ ನಿಧಾನವಾದ ಬಗೆ. ಆದರೆ ಅತ್ತಿಗೆಯ ಲೆಕ್ಕದಲ್ಲಿ ಥೈರಾಯ್ಡ್ ಎಂದರೆ ಒಂದು ಮನೆತನ. ಅದರೊಳಗೆ ಬಂದವರೆಲ್ಲ ನೆಂಟರು. ಡಾಕ್ಟರಮ್ಮ ತಲೆದೂಗಿ, ಎಲ್ಲದಕ್ಕೂ ಇರಲಿ ಎಂದು ಥೈರಾಯ್ಡ್ ಪರೀಕ್ಷೆಗೂ ಬರೆದರು. ಮಾರನೆಯ ಬೆಳಗ್ಗೆ ಸಿಸ್ಟರ್ ಬಂದು ಇಂಜೆಕ್ಷನ್ ಕೊಟ್ಟು ಹೋದರು. ಆಮೇಲೆ ತಿಂಡಿ ಆಯಿತು. ಆಮೇಲೆ ರಕ್ತ ತೆಗೆಯುವವರು ಬಂದು ಒಂದು ಕೊಳವೆ ತುಂಬಿಸಿಕೊಂಡು ಹೋದರು. ಈ ಅನುಕ್ರಮವನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು, ನಾವ್ಯಾರೂ ಇಡಲಿಲ್ಲ. ಆ ಕೊಳವೆಯೂ ನೇರ ಪ್ರಯೋಗಾಲಯಕ್ಕೆ ಹೋಗಲಿಲ್ಲ. ವಾರ್ಡಿನ ಕೊಳವೆಗಳೆಲ್ಲ ಸೇರಿ ತಟ್ಟೆ ತುಂಬುವವರೆಗೆ, ಬಿಸಿಲು ಬೀಳುವ ಕಿಟಕಿಯ ಕಟ್ಟೆಯ ಮೇಲೆ ಕೂತು, ಊಟದ ಹೊತ್ತಿನ ನಂತರ ಆಚೆ ಕಟ್ಟಡಕ್ಕೆ ಪ್ರಯಾಣ ಬೆಳೆಸಿತು.

ವರದಿ ಬಂತು. ಫ್ರೀ ಟಿ-ಫೋರ್ ಎಂಬ ಹಾರ್ಮೋನು ಇರಬೇಕಾದ್ದಕ್ಕಿಂತ ಜಾಸ್ತಿ. ದಪ್ಪಕ್ಷರ, ಪಕ್ಕದಲ್ಲಿ ಮೇಲ್ಮುಖದ ಬಾಣ.

"ಅಂದ್ರೆ ಏನು ಡಾಕ್ಟ್ರೇ?"

"ಥೈರಾಯ್ಡ್ ಜಾಸ್ತಿ ಕೆಲಸ ಮಾಡ್ತಿರಬಹುದು. ದೇಹದ ಇಂಜಿನ್ ಸ್ಪೀಡಾಗಿ ಓಡ್ತಿದೆ ಅಂದ್ಕೊಳಿ. ಅಂಥವರಿಗೆ ಚಡಪಡಿಕೆ ಇರುತ್ತೆ, ನಿದ್ದೆ ಬರಲ್ಲ, ಕೈ ನಡುಗುತ್ತೆ, ಎಷ್ಟು ತಿಂದ್ರೂ ತೂಕ ಇಳಿಯುತ್ತೆ."

ನಾನು ಯಜಮಾನರ ಕಡೆ ನೋಡಿದೆ. ಡಾಕ್ಟರಮ್ಮನೂ ನೋಡಿದರು. ಅತಿ ವೇಗದ ಇಂಜಿನ್ನಿನ ಆ ಮಹಾಶಯರು ಬಾಯಿ ಅರ್ಧ ತೆರೆದು ಗೊರಕೆ ಹೊಡೆಯುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಆಕೆಗೂ ಅನುಮಾನ ಬಂದಿರಬೇಕು. "ಇನ್ನೊಂದು ಸಲ ಮಾಡಿಸೋಣ" ಎಂದರು. ಮಾಡಿಸಿದೆವು. ಅದೇ ಬೆಳಗ್ಗೆ, ಅದೇ ಇಂಜೆಕ್ಷನ್, ಅದೇ ತಿಂಡಿ, ಅದೇ ಕಿಟಕಿಯ ಕಟ್ಟೆ. ಈ ಸಲ ಮೊದಲಿಗಿಂತ ಒಂದು ಕೂದಲು ಜಾಸ್ತಿಯೇ ಬಂತು.

"ಥೈರಾಯ್ಡ್ ಜೋರಾಗಿರೋವಾಗ ಅರಿವಳಿಕೆ ಕೊಟ್ಟರೆ ಹೃದಯ ಹಿಡಿತಕ್ಕೆ ಸಿಗದ ಹಾಗೆ ಓಡಬಹುದು. ನಾನು ಆ ಧೈರ್ಯ ಮಾಡಲ್ಲ. ಹಾರ್ಮೋನ್ ಡಾಕ್ಟರ ಅಭಿಪ್ರಾಯ ಬರಲಿ" ಎಂದು ಡಾಕ್ಟರಮ್ಮ ಶಸ್ತ್ರಚಿಕಿತ್ಸೆ ಮುಂದಕ್ಕೆ ಹಾಕಿದರು. ಹಾರ್ಮೋನ್ ಡಾಕ್ಟರು ತಮ್ಮ ಆಸ್ಪತ್ರೆಗೆ ವಾರಕ್ಕೊಮ್ಮೆ ಬರುವವರು. ಆ ವಾರ ಅವರು ಬರಲಿಲ್ಲ, ರಜೆ.

ಎರಡನೆಯ ವರದಿ ಬಂದ ಮೇಲೆ ನಮ್ಮ ಕುಟುಂಬದ ದೃಷ್ಟಿಕೋನವೇ ಬದಲಾಯಿತು, ಸ್ವಾಮೀ. ಒಂದು ಸಲವಾದರೆ ಯಂತ್ರದ ತಪ್ಪು, ಎರಡು ಸಲ ಬಂದರೆ ಮನುಷ್ಯನದೇ ಎಂದುಕೊಂಡೆವು. ಅತ್ತಿಗೆಯವರಿಗಂತೂ ತಮ್ಮನ ಕಾಲು ಮುರಿದ ದುಃಖದ ನಡುವೆಯೂ ಮುಖದಲ್ಲಿ ಒಂದು ಕಳೆ ಬಂತು.

"ಏನೋ, ನಿನಗೂ ಬಂತೇನೋ! ನನಗೆ ಮೊದಲೇ ಅನ್ನಿಸಿತ್ತು ಕಣೋ" ಎಂದು ತಮ್ಮನ ತಲೆ ಸವರಿದರು.

"ನೀವು ಯಾವಾಗ ಅಂದ್ಕೊಂಡ್ರಿ ಅತ್ತಿಗೆ? ಇವರಿಗೆ ವೇಗ ಜಾಸ್ತಿ ಅಂತ ನಿಮಗೆ ಯಾವತ್ತಾದ್ರೂ ಅನ್ನಿಸಿತ್ತಾ?" ಎಂದೆ.

"ನಿನಗೆ ಗೊತ್ತಿಲ್ಲ, ಸುಮ್ನಿರು. ಇವನು ಚಿಕ್ಕೋನಿದ್ದಾಗಿಂದ ಒಳಗೊಳಗೇ ಓಡ್ತಿದ್ದ. ಹೊರಗೆ ತೋರಿಸ್ತಿರಲಿಲ್ಲ, ಅಷ್ಟೇ."

ಅವತ್ತಿನಿಂದ ಎಲೆಕೋಸು, ಹೂಕೋಸು ನಿಷಿದ್ಧ. ಯಾಕೆಂದು ಕೇಳಿದರೆ, ತನಗೆ ಯಾರೋ ಬೇಡವೆಂದಿದ್ದರು, ಹಾಗಾಗಿ ಇವನಿಗೂ ಬೇಡ. ನಾನೇನು ಕಡಿಮೆಯೇ? ನಿಲ್ದಾಣದ ಕೆಲಸ ಮುಗಿಸಿ ಬಂದವಳು ಮಂಚದ ಪಕ್ಕ ಕೂತು ಅವರ ಮಣಿಕಟ್ಟು ಹಿಡಿದು ನಾಡಿ ನೋಡತೊಡಗಿದೆ. ಬೆವರಿದರೆ ಥೈರಾಯ್ಡ್. ಬೆವರದಿದ್ದರೆ ಫ್ಯಾನ್ ಜೋರಾಗಿದೆ. ಇನ್ನೊಂದು ತುತ್ತು ಕೇಳಿದರೆ ಥೈರಾಯ್ಡ್. ಸಾಕೆಂದರೆ ಮುಚ್ಚಿಡುತ್ತಿದ್ದಾರೆ. ನಂಬಲು ಹೊರಟವರಿಗೆ ಲಕ್ಷಣಗಳು ಎಲ್ಲೆಲ್ಲೂ ಸಿಗುತ್ತವೆ. ರಾತ್ರಿಯಿಡೀ ಹಾಯಾಗಿ ಮಲಗಿದವರನ್ನು ಬೆಳಗ್ಗೆ ಬಂದು, "ನಿದ್ದೆ ಬಂತಾ? ನಿಜ ಹೇಳಿ" ಎಂದು ಗದರಿಸುತ್ತಿದ್ದೆ. ಪಾಪ, ಅವರಿಗೇ ತಮ್ಮ ಮೇಲೆ ಅನುಮಾನ ಹುಟ್ಟಿತು.

"ಇವಳೇ, ನಾನು ಚುರುಕಂತೆ ಕಣೇ" ಎಂದರು ಒಂದು ದಿನ, ಚಾವಣಿ ನೋಡುತ್ತ. "ಒಳಗೆ ಓಡ್ತಾನೇ ಇದೀನಂತೆ. ನನಗೊಂದು ಮಾತು ತಿಳಿಸಬಾರದಾ."

ನಾವಿಬ್ಬರೂ ನಕ್ಕೆವು. ಆದರೆ ಅದೇ ದಿನ ಸಂಜೆ ಮೂಳೆ ಡಾಕ್ಟರು ಬಂದು ಹೊಸ ಎಕ್ಸ್‌ರೇ ಹಿಡಿದು ನೋಡಿ, ಮತ್ತೊಮ್ಮೆ ಹಿಡಿದು ನೋಡಿ, "ಇನ್ನು ಬಹಳ ದಿನ ಕಾಯಕ್ಕಾಗಲ್ಲ. ತುಂಡುಗಳು ಜರುಗಿದ ಜಾಗದಲ್ಲೇ ಅಂಟಿಕೊಳ್ಳೋಕೆ ಶುರು ಮಾಡ್ತವೆ. ಆಮೇಲೆ ಮತ್ತೆ ಬಿಡಿಸಿ ಕೂಡಿಸೋದು ಅಂದ್ರೆ ಕಷ್ಟ" ಎಂದು ಹೇಳಿ ಹೋದರು. ಹಾಗಾದರೆ ಶಸ್ತ್ರಚಿಕಿತ್ಸೆ ಮಾಡಿ ಎಂದರೆ, ಅರಿವಳಿಕೆಯವರು ಒಪ್ಪಬೇಕು. ಅರಿವಳಿಕೆಯವರು ಒಪ್ಪಲು ಹಾರ್ಮೋನಿನವರು ಹೇಳಬೇಕು. ಹಾರ್ಮೋನಿನವರು ಹೇಳಲು ಬರಬೇಕು.

ಡಾಕ್ಟರು ಹೋದ ಮೇಲೆ ಯಜಮಾನರು ಚಾವಣಿ ಬಿಟ್ಟು ದಿಂಬಿನ ಮೇಲಿದ್ದ ಕಾಲಿನ ಕಡೆ ನೋಡಿದರು.

"ಮೊಣಕಾಲು ಮಡಚಕ್ಕೆ ಆಗದಿದ್ರೆ ಏನೇ ಮಾಡ್ಲಿ?" ಎಂದರು. "ಮೇಜಿನ ಮೇಲ್ಭಾಗಕ್ಕೆ ಯಾರು ಬೇಕಾದ್ರೂ ಪಾಲಿಶ್ ಹಾಕ್ತಾರೆ. ಕಾಲಿನ ಕೆತ್ತನೆಗೆ ಕುಕ್ಕರುಗಾಲಲ್ಲಿ ಕೂತು, ಕೆಳಗಿಂದ ನೋಡಬೇಕು. ನಿಂತ್ಕೊಂಡು ಅದಾಗಲ್ಲ."

"ಆಗುತ್ತೆ ಬಿಡ್ರಿ, ಎಲ್ಲಾ ಸರಿಹೋಗುತ್ತೆ" ಎಂದೆ. ಬಾಯಲ್ಲಿ ಅಂದೆ, ಅಷ್ಟೇ. ದಿನವಿಡೀ ಮೈಕಿನ ಮುಂದೆ ನಂಬಿಕೆ ಹುಟ್ಟಿಸುವ ದನಿಯಲ್ಲಿ ಮಾತಾಡಿ ಅಭ್ಯಾಸವಿರುವ ನನಗೇ ಆ ದನಿ ಅವತ್ತು ಕೈಕೊಟ್ಟಿತು.

ಅಧೀಕ್ಷಕರೇ, ಈ ಹೊತ್ತಿನಲ್ಲಿ ತಮ್ಮ ಆಸ್ಪತ್ರೆಯಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಈಗ ಹಿಂತಿರುಗಿ ನೋಡಿದರೆ ನನಗೆ ತಲೆ ಗಿರ್ರೆನ್ನುತ್ತದೆ. ಮನುಷ್ಯ ಮಲಗಿದ್ದಾರೆ, ಆದ್ದರಿಂದ ಇಂಜೆಕ್ಷನ್. ಇಂಜೆಕ್ಷನ್ ಕೊಟ್ಟಿದ್ದಾರೆ, ಆದ್ದರಿಂದ ವರದಿಯಲ್ಲಿ ಥೈರಾಯ್ಡ್ ಜಾಸ್ತಿ. ಥೈರಾಯ್ಡ್ ಜಾಸ್ತಿ, ಆದ್ದರಿಂದ ಶಸ್ತ್ರಚಿಕಿತ್ಸೆ ಇಲ್ಲ. ಶಸ್ತ್ರಚಿಕಿತ್ಸೆ ಇಲ್ಲ, ಆದ್ದರಿಂದ ಇನ್ನಷ್ಟು ದಿನ ಮಲಗಬೇಕು. ಮಲಗಿದ್ದಾರೆ, ಆದ್ದರಿಂದ ಮತ್ತೆ ಇಂಜೆಕ್ಷನ್. ಹೀಗೇ ಬಿಟ್ಟಿದ್ದರೆ ನಮ್ಮ ಯಜಮಾನರು ತಮ್ಮ ಆಸ್ಪತ್ರೆಯಲ್ಲೇ ನಿವೃತ್ತಿಯಾಗುತ್ತಿದ್ದರು. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡುತ್ತಿದ್ದರು ಎಂಬುದು ಇದರಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವ ಸಂಗತಿ.

ಕೊನೆಗೂ ಹಾರ್ಮೋನ್ ಡಾಕ್ಟರು ಬಂದರು. ವಯಸ್ಸಾದವರು. ವರದಿಯನ್ನು ಕೈಗೆ ತೆಗೆದುಕೊಳ್ಳುವ ಮೊದಲು ಕುರ್ಚಿ ಎಳೆದುಕೊಂಡು ಕೂತರು. ತಮ್ಮ ಆಸ್ಪತ್ರೆಯಲ್ಲಿ ಡಾಕ್ಟರೊಬ್ಬರು ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಇವರ ಕೈ ಹಿಡಿದರು, ಕುತ್ತಿಗೆ ಮುಟ್ಟಿ ನುಂಗಲು ಹೇಳಿದರು, ಕಣ್ಣು ನೋಡಿದರು.

"ಎರಡೂ ಕೈ ಮುಂದೆ ಚಾಚಿ."

ಯಜಮಾನರು ಚಾಚಿದರು. ಡಾಕ್ಟರು ಬೆರಳುಗಳ ಮೇಲೆ ಒಂದು ತೆಳ್ಳನೆ ಕಾಗದ ಇಟ್ಟರು. ಎಷ್ಟು ಹೊತ್ತು ಕಾದರೂ ಕಾಗದ ಮಿಸುಕಲಿಲ್ಲ.

"ಏನು ಕೆಲಸ ನಿಮ್ಮದು?"

"ಪಾಲಿಶ್."

"ಅದಕ್ಕೇ. ತೂಕ ಇಳಿದಿದೆಯಾ?"

"ಇಳಿದಿದ್ರೆ ನಾನು ಬಿದ್ದಾಗ ಬೆಂಚು ಮುರೀತಿರಲಿಲ್ಲ ಸರ್."

ಬೆಂಚೂ ಮುರಿದಿತ್ತು ಎಂಬುದು ನನಗೆ ತಿಳಿದದ್ದು ಆವಾಗಲೇ. ಡಾಕ್ಟರು ನಕ್ಕು, ವರದಿ ತೆಗೆದು ನೋಡಿ, ಹುಬ್ಬು ಗಂಟಿಕ್ಕಿದರು. "ಟಿ.ಎಸ್.ಎಚ್. ಸರಿಯಾಗೇ ಇದೆಯಲ್ಲ. ಗ್ರಂಥಿ ನಿಜವಾಗಿ ಮಿತಿಮೀರಿ ಓಡ್ತಿದ್ರೆ ಇದು ಪಾತಾಳಕ್ಕೆ ಇಳೀಬೇಕಿತ್ತು" ಎಂದು ತಮಗೆ ತಾವೇ ಹೇಳಿಕೊಂಡರು. ಟಿ.ಎಸ್.ಎಚ್. ಎಂದರೆ ಕೆಲಸ ಮಾಡು ಎಂದು ಮೆದುಳಿನ ಕಡೆಯಿಂದ ಗ್ರಂಥಿಗೆ ಬರುವ ಅಪ್ಪಣೆಯಂತೆ, ಗ್ರಂಥಿ ಮಿತಿಮೀರಿದರೆ ಆ ಅಪ್ಪಣೆ ನಿಲ್ಲುತ್ತದಂತೆ. ಆಮೇಲೆ ಅಂಗಿ ಎತ್ತಲು ಹೇಳಿದರು. ಹೊಕ್ಕುಳ ಎರಡೂ ಬದಿಗೆ ಹೊಸದು ಹಳೆಯದು ಸೇರಿ ನೀಲಿ, ನೇರಳೆ, ಹಳದಿ ಕಲೆಗಳು.

"ಇದೇನಿದು?"

"ರಕ್ತ ತೆಳು ಮಾಡೋ ಇಂಜೆಕ್ಷನ್ ಡಾಕ್ಟ್ರೇ" ಎಂದೆ. "ದಿನಾ ಕೊಡ್ತಾರೆ."

"ಎಷ್ಟೊತ್ತಿಗೆ?"

"ಬೆಳಗ್ಗೆ ಎದ್ದ ತಕ್ಷಣ."

"ಈ ಪರೀಕ್ಷೆಗೆ ರಕ್ತ ತೆಗೆದದ್ದು?"

"ಅದಾದ್ಮೇಲೆ, ತಿಂಡಿ ಆದ್ಮೇಲೆ."

"ಎರಡು ಸಲವೂ?"

"ಎರಡು ಸಲವೂ."

ಅವರು ಕನ್ನಡಕ ತೆಗೆದು ಯಜಮಾನರ ಭುಜ ತಟ್ಟಿದರು. "ನಿಮ್ಮ ಥೈರಾಯ್ಡ್‌ಗೆ ಏನೂ ಆಗಿಲ್ಲ ಅಂತ ನನಗನ್ನಿಸುತ್ತೆ. ಈ ಇಂಜೆಕ್ಷನ್ ಪರೀಕ್ಷೆಗೆ ಟೋಪಿ ಹಾಕಿದೆ."

ನಾನು ಬಿಡಲಿಲ್ಲ. ಹೇಗೆ ಟೋಪಿ ಹಾಕುತ್ತದೆ ಎಂದು ಕೇಳಿದೆ. ಅವರು ಹೇಳಿದ್ದನ್ನು ನನಗೆ ಅರ್ಥವಾದ ಭಾಷೆಯಲ್ಲಿ ತಮಗೆ ಒಪ್ಪಿಸುತ್ತೇನೆ. ಥೈರಾಯ್ಡ್ ಹಾರ್ಮೋನಿನ ಬಹುಪಾಲು ರಕ್ತದಲ್ಲಿರುವ ಪ್ರೋಟೀನುಗಳ ಮೇಲೆ, ರೈಲಿನಲ್ಲಿ ಸೀಟು ಹಿಡಿದು ಕೂತವರ ಹಾಗೆ, ಕೂತೇ ಪ್ರಯಾಣ ಮಾಡುತ್ತದಂತೆ. ತೀರ ಚೂರು ಪಾಲು ಮಾತ್ರ ಸೀಟಿಲ್ಲದೆ ಬಿಡಿಯಾಗಿ ಓಡಾಡುತ್ತದೆ. ಫ್ರೀ ಟಿ-ಫೋರ್ ಪರೀಕ್ಷೆ ಅಳೆಯುವುದು ಆ ಬಿಡಿ ಪಾಲನ್ನು. ಈಗ ಇಂಜೆಕ್ಷನ್ ಏನು ಮಾಡುತ್ತದೆಂದರೆ, ರಕ್ತದಲ್ಲಿ ಕೊಬ್ಬನ್ನು ಒಡೆಯುವ ಒಂದು ಕಿಣ್ವವನ್ನು ಎಬ್ಬಿಸುತ್ತದೆ. ರಕ್ತ ಕೊಳವೆಗೆ ಬಂದ ಮೇಲೂ ಆ ಕಿಣ್ವ ಸುಮ್ಮನೆ ಕೂರುವುದಿಲ್ಲ, ಕೊಬ್ಬಿನಿಂದ ಆಮ್ಲಗಳನ್ನು ಬಿಡಿಸುತ್ತಲೇ ಇರುತ್ತದೆ. ಕೊಳವೆ ಎಷ್ಟು ಹೊತ್ತು ಬೆಚ್ಚಗೆ ಕಾದರೆ ಅಷ್ಟು ಹೆಚ್ಚು. ಕೊಬ್ಬು ಜಾಸ್ತಿ ಇರುವ ರಕ್ತವಾದರೆ ಇನ್ನೂ ಹೆಚ್ಚು, ನಮ್ಮವರ ರಕ್ತದಲ್ಲಿ ಅದಕ್ಕೇನು ಬರವಿರಲಿಲ್ಲ. ಹಾಗೆ ಹುಟ್ಟಿದ ಆಮ್ಲಗಳು ನುಗ್ಗಿ ಬಂದು, ಕೂತಿದ್ದ ಹಾರ್ಮೋನನ್ನು ಎಬ್ಬಿಸಿ ತಾವು ಕೂರುತ್ತವೆ. ತಮ್ಮ ಯಂತ್ರ ನಿಂತವರನ್ನು ಎಣಿಸಿ, ಅಯ್ಯೋ ಎಷ್ಟೊಂದು ಜನ ಎಂದು ಕೂಗುತ್ತದೆ. ರೈಲಿನಲ್ಲಿರುವ ಒಟ್ಟು ಜನ ಅಷ್ಟೇ. ಅದೂ ಈ ನೂಕುನುಗ್ಗಲಿನ ಬಹುಪಾಲು ನಡೆದದ್ದು ಯಜಮಾನರ ಮೈಯಲ್ಲಲ್ಲ, ತಮ್ಮ ಕಿಟಕಿಯ ಕಟ್ಟೆಯ ಮೇಲಿದ್ದ ಕೊಳವೆಯಲ್ಲಿ!

"ಹಾಗಾದ್ರೆ ಇಂಜೆಕ್ಷನ್ ನಿಲ್ಲಿಸಿಬಿಡೋಣ ಡಾಕ್ಟ್ರೇ" ಎಂದರು ಅತ್ತಿಗೆ.

"ಅಯ್ಯೋ ಬೇಡಮ್ಮ! ಅದು ಅವರ ಜೀವ ಕಾಯ್ತಿರೋದು. ಅದನ್ನ ಬಿಡೋಹಾಗೇ ಇಲ್ಲ. ರಕ್ತ ತೆಗೆಯೋ ಹೊತ್ತು ಬದಲಾಯಿಸಿದ್ರೆ ಸಾಕು."

ಮಾರನೆಯ ಬೆಳಗ್ಗೆ, ಇಂಜೆಕ್ಷನ್ ಕೊಡುವ ಮುಂಚೆ ರಕ್ತ ತೆಗೆದರು. ಹಾರ್ಮೋನ್ ಡಾಕ್ಟರೇ ಫೋನ್ ಮಾಡಿ ಹೇಳಿದ್ದರಿಂದ ಕೊಳವೆ ಎಲ್ಲೂ ಕೂರದೆ ನೇರ ಯಂತ್ರಕ್ಕೆ ಹೋಯಿತು. ಬಿಡಿ ಹಾರ್ಮೋನಿನ ಜೊತೆಗೆ ಒಟ್ಟು ಹಾರ್ಮೋನನ್ನೂ ಅಳೆದರು. ಎಲ್ಲವೂ ಸರಿಯಾಗಿತ್ತು. ದಪ್ಪಕ್ಷರ ಇಲ್ಲ, ಬಾಣ ಇಲ್ಲ. ಅರಿವಳಿಕೆಯ ಡಾಕ್ಟರಮ್ಮ ಓಡಿ ಬಂದು, "ಕ್ಷಮಿಸಿ, ಇದು ನನಗೆ ಹೊಳೀಲಿಲ್ಲ" ಎಂದರು. ನೇರವಾಗಿ ಹಾಗೆ ಹೇಳಿದವರು ತಮ್ಮ ಇಡೀ ಆಸ್ಪತ್ರೆಯಲ್ಲಿ ಅವರೊಬ್ಬರೇ ಎಂದು ಇಲ್ಲಿ ದಾಖಲಿಸುತ್ತಿದ್ದೇನೆ. ಶಸ್ತ್ರಚಿಕಿತ್ಸೆ ಆಯಿತು. ಅಂಟಿಕೊಳ್ಳಲು ಶುರುವಾಗಿದ್ದ ತುಂಡುಗಳನ್ನು ಬಿಡಿಸಿ ಕೂಡಿಸಲು ಅಂದುಕೊಂಡದ್ದಕ್ಕಿಂತ ಬಹಳ ಹೊತ್ತು ಹಿಡಿಯಿತು. ಅತ್ತಿಗೆ ಮಾತ್ರ ಸ್ವಲ್ಪ ಸಪ್ಪಗಾದರು. "ಹೋಗಲಿ ಬಿಡು, ಇನ್ನೊಂದು ಸಲ ನೋಡಿಸೋಣ, ಬಂದ್ರೂ ಬರಬಹುದು" ಎಂದು ತಮ್ಮನಿಗೆ ಧೈರ್ಯ ಹೇಳಿದರು.

ಈಗ ಮೊಣಕಾಲು ಮುಕ್ಕಾಲು ಪಾಲು ಮಡಚುತ್ತದೆ. ಉಳಿದ ಕಾಲು ಪಾಲು, ಕಾಲು ಮುರಿದದ್ದರಿಂದಲೇ ಹೋಯಿತೋ, ತಡವಾದ್ದರಿಂದ ಹೋಯಿತೋ? ಮೂಳೆ ಡಾಕ್ಟರನ್ನು ಕೇಳಿದೆ. "ಹೇಳಕ್ಕಾಗಲ್ಲಮ್ಮ" ಎಂದರು. ಪ್ರಾಮಾಣಿಕ ಉತ್ತರ. ನಾನೂ ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಯಜಮಾನರು ಪಾಲಿಶಿನ ಕೆಲಸಕ್ಕೆ ವಾಪಸಾಗಿದ್ದಾರೆ. ಕುಕ್ಕರುಗಾಲಲ್ಲಿ ಕೂರಲಾಗದ್ದರಿಂದ ಮೇಜನ್ನೇ ಮಗ್ಗುಲಿಗೆ ಮಲಗಿಸಿಕೊಂಡು, ಅದರ ಕಾಲಿಗೆ ಪಾಲಿಶ್ ಹಾಕುತ್ತಾರೆ. ಮೊದಲಿಗಿಂತ ಹೊತ್ತು ಹಿಡಿಯುತ್ತದೆ. ಮೊದಲೇ ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂಬುದು ತಮಗೆ ಈಗಾಗಲೇ ತಿಳಿದಿದೆ.

ಇದನ್ನೆಲ್ಲ ನಾನು ತಮ್ಮ ಕಚೇರಿಗೇ ಮೊದಲು ಬರೆದುಕೊಟ್ಟೆ. ಉತ್ತರ ಬಂತು. "ಸದರಿ ಪರೀಕ್ಷೆಯನ್ನು ನಿಗದಿತ ಮಾನದಂಡಗಳ ಪ್ರಕಾರವೇ ನಡೆಸಲಾಗಿದ್ದು, ಉಪಕರಣದಲ್ಲಿ ಯಾವುದೇ ಲೋಪ ಕಂಡುಬಂದಿರುವುದಿಲ್ಲ." ಓದಿ ಖುಷಿಯಾಯಿತು, ಮಾನ್ಯರೇ. ಉಪಕರಣದಲ್ಲಿ ಲೋಪವಿದೆ ಎಂದು ನಾನೆಲ್ಲಿ ಹೇಳಿದ್ದೆ? ಪಾಪದ ಯಂತ್ರ, ಕೊಟ್ಟ ಕೊಳವೆಯನ್ನು ಅಳೆಯಿತು, ಕಂಡದ್ದನ್ನು ಹೇಳಿತು. ಆ ಕೊಳವೆಯ ರಕ್ತಕ್ಕೆ ಬೆಳಗ್ಗೆ ಏನಾಗಿತ್ತು ಎಂದು ಅದು ಎದ್ದು ಬಂದು ವಿಚಾರಿಸಬೇಕಿತ್ತೇ? ಅದಕ್ಕೆ ಕಾಲಿಲ್ಲ. ಕಾಲಿರುವವರು ತಮ್ಮಲ್ಲಿ ನೂರಾರು ಜನ ಇದ್ದಾರೆ. ನಮ್ಮ ನಿಲ್ದಾಣದಲ್ಲೂ ಇಂಥ ವಾಕ್ಯಗಳನ್ನು ನಾನು ಸಾಕಷ್ಟು ಓದುತ್ತೇನೆ. ಯಾರ ತಪ್ಪೂ ಇಲ್ಲದೆ ತಡವಾದ ಗಾಡಿಗಳಿಗಾಗಿ ದಿನಾ ವಿಷಾದ ವ್ಯಕ್ತಪಡಿಸುವವಳು ನಾನು. ಆದರೆ ಒಂದೇ ಗಾಡಿ ಒಂದೇ ಕಾರಣಕ್ಕೆ ಎರಡು ಸಲ ತಡವಾದರೆ, ನಮ್ಮಲ್ಲಿ ಯಾರಾದರೂ ಹಳಿಯ ಮೇಲೆ ನಡೆದು ಹೋಗಿ ನೋಡಿ ಬರುತ್ತಾರೆ.

ಇದು ಅಪರೂಪದ ಸಂಗತಿ, ಅದಕ್ಕಾಗಿ ವ್ಯವಸ್ಥೆ ಬದಲಿಸಬೇಕೇ ಎಂದು ತಾವು ಕೇಳಬಹುದು. ಮೂಳೆ ಮುರಿದು ಮಲಗಿದ ಎಷ್ಟೋ ಜನಕ್ಕೆ ತಮ್ಮಲ್ಲಿ ಈ ಇಂಜೆಕ್ಷನ್ ಕೊಡುತ್ತೀರಿ. ಅವರಲ್ಲಿ ಕೆಲವರಿಗೆ ಈ ಪರೀಕ್ಷೆಯೂ ಆಗುತ್ತದೆ. ಎರಡೂ ಒಬ್ಬರಲ್ಲೇ ಕೂಡಿಬರುವುದು ಅಪರೂಪವಲ್ಲ, ಕೂಡಿಬಂದದ್ದು ಯಾರ ಕಣ್ಣಿಗಾದರೂ ಬೀಳುವುದು ಅಪರೂಪ. ನಮ್ಮವರನ್ನು ನೋಡಿದರೆ ಯಾರಿಗಾದರೂ ಅನುಮಾನ ಬರುತ್ತಿತ್ತು, ಅಂಥ ಮೈಕಟ್ಟು, ಅಂಥ ನಿದ್ದೆ. ಅವರ ಜಾಗದಲ್ಲಿ ಸಹಜವಾಗಿಯೇ ತೆಳ್ಳಗಿರುವ, ಸಹಜವಾಗಿಯೇ ಚಡಪಡಿಸುವ ಒಬ್ಬ ಬಡಪಾಯಿ ಮಲಗಿದ್ದಿದ್ದರೆ? ನಾನೇ ಮಲಗಿದ್ದಿದ್ದರೆ? 'ಮಾತು ಜೋರು, ಕೈ ಒಂದು ಕಡೆ ನಿಲ್ಲಲ್ಲ' ಎಂದು ಅತ್ತಿಗೆಯೇ ಸಾಕ್ಷಿ ಹೇಳುತ್ತಿದ್ದರು. ಇಲ್ಲದ ಕಾಯಿಲೆಗೆ ಮಾತ್ರೆ ಶುರುವಾಗಿ, ಆ ಮಾತ್ರೆಯಿಂದ ಇರುವ ಆರೋಗ್ಯ ಕೆಡುತ್ತಿತ್ತು.

ನಾನು ಕೇಳುತ್ತಿರುವುದು ಹೊಸ ಯಂತ್ರವಲ್ಲ, ಸಮಿತಿಯಲ್ಲ, ತನಿಖೆಯಂತೂ ಅಲ್ಲವೇ ಅಲ್ಲ. ಥೈರಾಯ್ಡ್ ಪರೀಕ್ಷೆಗೆ ರಕ್ತ ತೆಗೆಯುವವರು ಸೂಜಿ ಚುಚ್ಚುವ ಮೊದಲು, "ಹೊಟ್ಟೆಗೆ ಇಂಜೆಕ್ಷನ್ ಕೊಡ್ತಿದ್ದಾರಾ? ಕೊನೇದು ಯಾವಾಗ ಕೊಟ್ರು?" ಎಂದು ಕೇಳಲಿ. ಕೊಡುತ್ತಿದ್ದರೆ, ಮುಂದಿನ ಇಂಜೆಕ್ಷನ್ನಿಗೆ ಸ್ವಲ್ಪ ಮುಂಚೆ ರಕ್ತ ತೆಗೆದು, ತಟ್ಟೆ ತುಂಬಲಿ ಎಂದು ಕಾಯದೆ ತಕ್ಷಣ ಪ್ರಯೋಗಾಲಯಕ್ಕೆ ಮುಟ್ಟಿಸಲಿ. ಅಷ್ಟೇ. ಇಷ್ಟು ಮಾತಿಗೆ ನಮ್ಮ ಯಜಮಾನರಿಗೂ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಇದನ್ನು ಇವತ್ತೇ ಬಹಿರಂಗವಾಗಿ ಬರೆಯಲು ಒಂದು ಕಾರಣವಿದೆ. ಇವತ್ತು ಯಜಮಾನರನ್ನು ಕಾಲು ತೋರಿಸಲು ಕರೆತಂದಿದ್ದೆ. ಅವರು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ನಾನು ಮಹಿಳೆಯರ ವಾರ್ಡಿನ ಬಾಗಿಲಲ್ಲಿ ನಿಂತಿದ್ದೆ. ಒಳಗೆ, ಬಾಗಿಲಿನಿಂದ ಮೊದಲನೆಯ ಮಂಚದಲ್ಲಿ, ಸೊಂಟದ ಮೂಳೆ ಮುರಿದುಕೊಂಡ ಒಬ್ಬ ಹೆಂಗಸು. ವೃತ್ತಿಯಿಂದ ಟೈಲರ್ ಅಂತೆ, ಕಡ್ಡಿಯಂತೆ ತೆಳ್ಳಗಿದ್ದಾಳೆ. ಪಕ್ಕದಲ್ಲಿ ಅವಳ ತಂಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಏನಾಯಿತಮ್ಮ ಎಂದು ಕೇಳಿದೆ.

"ನಾಳೆ ಆಪರೇಷನ್ ಅಂದಿದ್ರು. ಈಗ ಇಲ್ವಂತೆ. ಅಕ್ಕನಿಗೆ ಥೈರಾಯ್ಡ್ ಜಾಸ್ತಿ ಆಗಿದೆಯಂತೆ, ನಾಳೆ ಬೆಳಗ್ಗೆ ಇನ್ನೊಂದ್ಸಲ ರಕ್ತ ತೆಗೀತಾರಂತೆ."

"ಹೊಟ್ಟೆಗೆ ಇಂಜೆಕ್ಷನ್ ಕೊಡ್ತಿದ್ದಾರಾ?"

ಅವಳು ಬೆರಗಾಗಿ ನನ್ನ ಮುಖ ನೋಡಿದಳು. "ನಿಮಗೆ ಹೇಗೆ ಗೊತ್ತು?"

ಸಿಸ್ಟರ್ ಹತ್ತಿರ ಹೋಗಿ ಹೇಳಿದೆ. ಅವರು ಕೇಳಿಸಿಕೊಂಡರು, ಆದರೆ ಹೊತ್ತು ಬದಲಿಸಲು ಡಾಕ್ಟರ ಅಪ್ಪಣೆ ಬೇಕು ಎಂದರು. ಸರಿಯಾದ ಮಾತೇ. ಡಾಕ್ಟರು ಸಿಗಲಿಲ್ಲ. ತಮ್ಮ ಕೋಣೆಗೆ ಬಂದೆ, ತಾವು ಸಭೆಯಲ್ಲಿದ್ದಿರಿ. ನೀವು ಯಾರ ಕಡೆಯವರು ಎಂದು ಬಾಗಿಲಲ್ಲಿ ಕೇಳಿದರು. ಯಾರ ಕಡೆಯವಳೂ ಅಲ್ಲ ಎಂದೆ, ಹೊರಗೆ ಕಳಿಸಿದರು. ಅಲ್ಲಿಂದ ನೇರ ಪತ್ರಿಕೆಯ ಕಚೇರಿಗೆ ಹೋಗಿ, ಅಲ್ಲೇ ಕೂತು ಇದನ್ನು ಬರೆದುಕೊಟ್ಟಿದ್ದೇನೆ.

ನಾಳೆ ಬೆಳಗ್ಗೆ ಪತ್ರಿಕೆ ತಮ್ಮ ಕೈಗೆ ಬರುವ ಹೊತ್ತಿಗೆ ಸಿಸ್ಟರ್ ಇಂಜೆಕ್ಷನ್ ತಟ್ಟೆ ಹಿಡಿದು ವಾರ್ಡಿನ ಆಚೆ ತುದಿಯಿಂದ ಹೊರಟಿರುತ್ತಾರೆ. ಆ ಹೆಂಗಸಿನದು ಬಾಗಿಲ ಬಳಿಯ ಮಂಚ, ಕೊನೆಯ ಸರದಿ. ಕಾಫಿ ಕೆಳಗಿಟ್ಟು ಒಂದು ಫೋನ್ ಮಾಡಿ, ಮಾನ್ಯರೇ. ಮೊದಲು ರಕ್ತ ತೆಗೆಯಲಿ, ಆಮೇಲೆ ಚುಚ್ಚಲಿ. ಉಳಿದ ಪತ್ರವನ್ನು ಬೇಕಾದರೆ ನಿಧಾನವಾಗಿ ಓದಿಕೊಳ್ಳಿ.

ಇಂತಿ,
ತಮ್ಮ ಕೋಣೆಯ ಬಾಗಿಲವರೆಗೆ ಮಾತ್ರ ಬರಲು ಸಾಧ್ಯವಾದ,
ಯಾರ ಕಡೆಯವಳೂ ಅಲ್ಲದ ಒಬ್ಬ ಹೆಂಗಸು